ಮೊಣಕಾಲಡಿಯ ದಿಂಬು

ಕೌಂಟರಿನ ಹೊಸ ಹುಡುಗಿ "ಅಪ್ಪಾ" ಎಂದು ಕೂಗಿದಾಗ ತಾಕ್ ದೊಕ್‌ಸು ತನ್ನ ಹಿಂದೆ ಯಾವನೋ ಮುದುಕ ಕೂತಿರಬೇಕೆಂದು ತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು. "ನಿಮ್ಮನ್ನೇ ಅಪ್ಪಾ. ಒಳಬಟ್ಟೆ ಬಿಟ್ಟು ಎಲ್ಲಾ ತೆಗೆದು ಈ ಅಂಗಿ ಹಾಕ್ಕೊಳ್ಳಿ. ಉಂಗುರ, ಗಡಿಯಾರ, ಕಟ್ಟಿಸಿದ ಹಲ್ಲು ಇದ್ರೆ ಅದೂ ಬಿಚ್ಚಿಡಿ," ಎಂದು ಅವಳು ಕಿವುಡನಿಗೆ ಹೇಳುವಷ್ಟು ಗಟ್ಟಿಯಾಗಿ, ಮಗುವಿಗೆ ಹೇಳುವಷ್ಟು ಮುದ್ದಾಗಿ ಹೇಳಿದಳು. ಎರಡನ್ನೂ ಬೆರೆಸುವ ಆ ವಿದ್ಯೆ ದೊಕ್‌ಸುವಿಗೆ ಚೆನ್ನಾಗಿ ಗೊತ್ತಿತ್ತು. ಮೊಕ್ಪೋದ ಈ ಆಸ್ಪತ್ರೆಯ ಇದೇ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಬಂದವರನ್ನೆಲ್ಲ ಅಪ್ಪಾ, ಅಮ್ಮಾ ಎಂದು ಕರೆದು, ಮಲಗಿಸಿ, ಎಂ.ಆರ್.ಐ. ಯಂತ್ರದೊಳಗೆ ತಳ್ಳಿ, ಅವರ ಬೆನ್ನಿನ ಚಿತ್ರ ತೆಗೆದವನು ಅವನು. ಯಾರೂ ತನ್ನ ಗುರುತು ಹಿಡಿಯಬಾರದೆಂದೇ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದಿದ್ದ. ಈಗ ಈ ಹುಡುಗಿ ಗುರುತು ಹಿಡಿಯದಿದ್ದದ್ದಕ್ಕೆ ಸಿಟ್ಟು ಬಂತು. ನಿವೃತ್ತನಾಗಿ ಮೂರೇ ವರ್ಷ. ಅಷ್ಟರಲ್ಲಿ ಮನುಷ್ಯ ಅಪ್ಪನಾಗಿಬಿಡುತ್ತಾನೆ ಎಂದುಕೊಂಡು, ಪಕ್ಕದಲ್ಲಿ ದಾರ ಕಟ್ಟುವ ಆ ಬಣ್ಣಗೆಟ್ಟ ಅಂಗಿಯನ್ನು ತೊಟ್ಟ. ಪ್ಯಾಂಟನ್ನು ಲಾಕರಿನಲ್ಲಿಡುವಾಗ ಜೇಬಿನೊಳಗಿನ ಮರದ ಮೊಹರು ಕಬ್ಬಿಣದ ತಳಕ್ಕೆ ತಾಗಿ ಸದ್ದಾಯಿತು. ರುಜುವಿನ ಬದಲು ಒತ್ತುವ, ತನ್ನ ಹೆಸರು ಕೆತ್ತಿದ ಆ ಮೊಹರನ್ನು ಬೆಳಗ್ಗೆ ಮೇಜಿನ ಖಾನೆಯಿಂದ ತೆಗೆದು ಜೇಬಿಗೆ ಹಾಕಿಕೊಂಡದ್ದೇಕೆ ಎಂದು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಹಲಗೆಗೆ ಸಿಕ್ಕಿಸಿದ ಕಾಗದದಲ್ಲಿ ಪ್ರಶ್ನೆಗಳಿದ್ದವು. ಎಲ್ಲಿ ನೋವು, ಯಾವಾಗಿನಿಂದ, ನಿಲ್ಲದೆ ಎಷ್ಟು ದೂರ ನಡೆಯಬಲ್ಲಿರಿ. ಮೂರನೆಯ ಪ್ರಶ್ನೆಗೆ ಅವನ ಪೆನ್ನು ತಡೆಯಿತು. ಬಸ್ಸಿಳಿದು ಆಸ್ಪತ್ರೆಯ ಬಾಗಿಲಿಗೆ ಮುನ್ನೂರು ಹೆಜ್ಜೆ ಇರಬಹುದು. ಅಷ್ಟರಲ್ಲಿ ಎರಡು ಸಲ ನಿಂತಿದ್ದ. ಮೊದಲನೆಯ ಸಲ ಬೂಟಿನ ದಾರ ಕಟ್ಟುವವನ ಹಾಗೆ ಕುಕ್ಕರಿಸಿದ. ಬೂಟಿಗೆ ದಾರವೇ ಇರಲಿಲ್ಲ. ಎರಡನೆಯ ಸಲ ಒಣಮೀನಿನ ಅಂಗಡಿಯ ಮುಂದೆ ಬಗ್ಗಿ, ದಾರಕ್ಕೆ ಪೋಣಿಸಿದ ಮೀನುಗಳ ಬಾಯನ್ನು ಒಂದೊಂದಾಗಿ ಪರೀಕ್ಷಿಸಿದ. "ಕೊಳ್ತೀರೋ, ಬರೀ ದೃಷ್ಟಿ ಹಾಕ್ತೀರೋ?" ಎಂದು ಅಂಗಡಿಯವಳು ಕೇಳುವವರೆಗೆ ಬಗ್ಗಿಯೇ ಇದ್ದ. ಬಗ್ಗಿದರೆ ಸಾಕು, ತೊಡೆಯ ಹಿಂದಿನಿಂದ ಮೀನಖಂಡಕ್ಕೆ ಇಳಿದ ಸೀಸದಂಥ ಭಾರ ಒಂದು ನಿಮಿಷದಲ್ಲಿ ಕರಗುತ್ತಿತ್ತು; ನೆಟ್ಟಗಾಗಿ ನೂರು ಹೆಜ್ಜೆ ಇಟ್ಟರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಹೀಗೆ ಕರೆದಾಗ ಬಂದು ಕಳಿಸಿದಾಗ ಹೋಗುವ ನೋವನ್ನು ಯಾರು ನಂಬುತ್ತಾರೆ? ಹೆಂಡತಿ ಒಕ್‌ನಿಮ್ ಕೂಡ, ತಿಂಡಿ ತಿನ್ನುವಾಗ ಇಲ್ಲದ ನೋವು ಸಂತೆಗೆ ಹೊರಟಾಗ ಹೇಗೆ ಬರುತ್ತದೆ ಎಂದು ನಕ್ಕಿದ್ದಳು. ಅವನೂ ಒಂದು ಕಾಲದಲ್ಲಿ ನಕ್ಕವನೇ. ಕಾಗದದಲ್ಲಿ ನೂರು ಹೆಜ್ಜೆ ಎಂದು ಬರೆದ. ಸಣ್ಣದಾಯಿತೆನಿಸಿ ನೂರೈವತ್ತು ಎಂದು ತಿದ್ದಿದ. ಸುಳ್ಳೆನಿಸಿ ಮತ್ತೆ ನೂರು ಮಾಡಿದ.

ನಮ್ಮ ಜಾತಿಗೆ ಸೇರಿದಿರಿ ಎಂದಿದ್ದಳು ಬೊಂಗ್‌ಸುನ್. ಹತ್ತು ದಿನದ ಹಿಂದೆ, ಅವನ ಮನೆಯ ಕೆಳಗಿನ ಏರುದಾರಿಯಲ್ಲಿ. ಅರ್ಧ ಏರಿ, ಬೇಲಿಗೆ ಎರಡೂ ಕೈ ಊರಿ, ಕೆಳಗಿನ ಬಂದರಿನ ದೋಣಿಗಳನ್ನು ನೋಡುತ್ತಿರುವ ನಟನೆ ಮಾಡುತ್ತ ನಿಂತಿದ್ದಾಗ ಹಿಂದಿನಿಂದ ಚಕ್ರಗಳ ಕಿರುಗುಟ್ಟು ಕೇಳಿಸಿತು. ಮಗುವಿಲ್ಲದ ತಳ್ಳುಗಾಡಿ. ಈ ಊರಿನ ಅರ್ಧ ಮುದುಕಿಯರು ಮೊಮ್ಮಕ್ಕಳು ಬಿಟ್ಟುಹೋದ ತಳ್ಳುಗಾಡಿಯ ಮೇಲೆ ಬಗ್ಗಿಕೊಂಡೇ ಊರು ಸುತ್ತುತ್ತಾರೆ, ಅದೇನು ಹೊಸತಲ್ಲ. ಆದರೆ ಇವಳು ಅವನ ಪಕ್ಕದಲ್ಲೇ ನಿಂತು, ಅವನ ಬಗ್ಗಿದ ಬೆನ್ನನ್ನು ಸಂತೆಯಲ್ಲಿ ದನ ನೋಡುವಂತೆ ನೋಡಿದಳು.

"ದೋಣಿ ಎಣಿಸ್ತಿದೀರಾ ಮೇಷ್ಟ್ರೇ? ನಾನೂ ಮೊದಮೊದಲು ಎಣಿಸ್ತಿದ್ದೆ," ಎಂದಳು. "ಎಣಿಸಿ ಎಣಿಸಿ ಸಾಕಾಗಿ ಈ ಗಾಡಿ ಹಿಡ್ಕೊಂಡೆ. ಬನ್ನಿ ಬನ್ನಿ, ನಮ್ಮ ಜಾತಿಗೆ ಸೇರಿದಿರಿ."

ಆಸ್ಪತ್ರೆಯಲ್ಲಿ ಕೆಲಸದವರನ್ನು ಎಲ್ಲರೂ ಮೇಷ್ಟ್ರೇ ಎಂದೇ ಕರೆಯುವುದು; ಹಾಗಾಗಿ ಹಳೆಯ ರೋಗಿಯೆಂದು ತಿಳಿಯಿತು. ಮುಖ ನೋಡುವ ಮೊದಲೇ ದನಿಯಿಂದ ಯಾರೆಂದೂ ತಿಳಿಯಿತು. ಗುಕ್ ಬೊಂಗ್‌ಸುನ್. ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಎಂಟುನೂರು ಮಕ್ಕಳಿಗೆ ಬೇಯಿಸಿದವಳು. ಅವಳು ಸುತ್ತುಬಳಸಲಿಲ್ಲ. ಕೆಲಸದಿಂದ ಬಂದ ಜಡ್ಡು ಎಂದು ಒಪ್ಪಿಸಿ ಪರಿಹಾರ ಪಡೆಯುವ ಅರ್ಜಿ ಎರಡು ಸಲ ಬಿದ್ದುಹೋಗಿದೆ, ಮೂರನೆಯದು ಬರುವ ಗುರುವಾರವಲ್ಲ, ಅದರ ಮುಂದಿನ ಗುರುವಾರ ವಿಚಾರಣೆಗೆ ಬರುತ್ತದೆ ಎಂದಳು. ಈಗ ಬೆನ್ನುಮೂಳೆಯೊಳಗಿನ ನರಗಳ ನಾಳ ಕಿರಿದಾಗಿದೆ ಎಂದು ವಿಚಾರಣೆ ಮಾಡುವವರೂ ಒಪ್ಪುತ್ತಾರಂತೆ. ಆದರೆ ಅದು ವಯಸ್ಸಿನಿಂದ ಆದದ್ದು, ನೀನು ಕೆಲಸದಲ್ಲಿದ್ದಾಗ ತೆಗೆದ ಚಿತ್ರದಲ್ಲಿ ಏನೂ ಇರಲಿಲ್ಲವಲ್ಲ ಎನ್ನುತ್ತಾರಂತೆ. ನೋವಿಗೆ ತಕ್ಕ ಕಾರಣ ಚಿತ್ರದಲ್ಲಿಲ್ಲ: ಈ ಒಂದು ಸಾಲು ಏಳು ವರ್ಷದಿಂದ ಅವಳ ಕಡತದಲ್ಲಿ ಕೂತಿದೆ. ಜೊತೆಯಲ್ಲಿ ಬೇಯಿಸಿದವರೇ ಬೊಂಗ್‌ಸುನ್ ನಾಟಕ ಆಡಿದಳು, ಪಾತ್ರೆ ತೊಳೆಯೋದು ತಪ್ಪಿಸಿಕೊಳ್ಳೋಕೆ ಸೊಂಟ ಹಿಡಿದುಕೊಂಡಳು ಎಂದು ಆಡಿಕೊಂಡರಂತೆ.

"ಏನೂ ಜಾಸ್ತಿ ಬೇಡ. ಆವತ್ತು ನನ್ನ ಹೇಗೆ ಮಲಗಿಸಿದ್ರಿ ಅಂತ ಬರ್ದು ಕೊಡಿ," ಎಂದಳು. "ಮೊಣಕಾಲಡಿ ಆ ದಪ್ಪ ದಿಂಬು ಇಟ್ರಲ್ಲ. ಇಟ್ಟ ಕೂಡ್ಲೆ ನೋವು ಹೋಯ್ತು. ನೋವು ಕಳಿಸಿಬಿಟ್ಟು ಫೋಟೋ ತೆಗೆದ್ರೆ ಅದ್ರಲ್ಲಿ ನೋವು ಎಲ್ಲಿಂದ ಬೀಳುತ್ತೆ? ನಾನು ಓದಿಲ್ಲ, ಆದ್ರೂ ಇಷ್ಟು ಗೊತ್ತಾಗುತ್ತೆ."

ಅವನು ಕೈಯನ್ನು ಬೇಲಿಯಿಂದ ತೆಗೆದು ನೆಟ್ಟಗೆ ನಿಂತ. ಸಾವಿರಾರು ಜನ ಬಂದು ಹೋಗುತ್ತಾರೆ, ನೆನಪಿಲ್ಲ ಎಂದ. ಅವಳು ಸಿಟ್ಟಾಗಲಿಲ್ಲ. ಅವನ ಕಾಲುಗಳನ್ನೇ ನೋಡುತ್ತ, "ಕೂತ್ಕೊಳ್ಳಿ ಮೊದ್ಲು, ನಡುಗ್ತಾ ಇವೆ," ಎಂದು ತಳ್ಳುಗಾಡಿಯನ್ನು ಏರಿಗೆ ತಿರುಗಿಸಿಕೊಂಡು ಹೊರಟುಹೋದಳು. ಅವಳು ಬೈದಿದ್ದರೆ ಅವನಿಗೆ ಈ ಹತ್ತು ರಾತ್ರಿ ನಿದ್ದೆ ಬರುತ್ತಿತ್ತೇನೋ.

ನೆನಪಿಲ್ಲವೇ? ಅವಳು ಹಾಸಿಗೆಯ ಮೇಲೆ ಹತ್ತಿದ ರೀತಿ ನೆನಪಿದೆ, ಸೋಪಿನ ನೀರಿನಲ್ಲಿ ಬಿರುಕುಬಿಟ್ಟ ಬೆರಳುಗಳು ನೆನಪಿವೆ, ಅಂಗಿಗೆ ಅಂಟಿದ್ದ ಎಳ್ಳೆಣ್ಣೆಯ ವಾಸನೆ ನೆನಪಿದೆ. "ಮಲಗಿದಾಗ ನಾನು ರಾಣಿ ಕಣ್ರೀ. ನಿಲ್ಸಿ ತೆಗೀರಿ. ನಿಂತ್ರೆ ತಾನೇ ಕಳ್ಳ ಈಚೆ ಬರೋದು," ಎಂದು ಅವಳು ಹೇಳಿದ್ದು ನೆನಪಿದೆ. ಅಮ್ಮಾ, ಈ ಯಂತ್ರ ನಿಂತವರನ್ನ ನುಂಗಲ್ಲ ಎಂದು ಇವನು ತಮಾಷೆ ಮಾಡಿದ್ದ. ನಿಮಗಿಂತ ನಾನು ಒಂದೇ ವರ್ಷ ದೊಡ್ಡೋಳು, ಯಾವ ಲೆಕ್ಕದಲ್ಲಿ ಅಮ್ಮ ಎಂದು ಅವಳು ಕೇಳಿದ್ದಳು. ಹಾಗಿದ್ದರೆ ಕಾಲನ್ನಾದರೂ ಚಾಚಿಸಿ ತೆಗೆಯಿರಿ, ನೋವು ಬರುವ ಹಾಗೆ, ಎಂದು ಬೇಡಿದ್ದಳು. ಕಾಲು ಚಾಚಿದ ಕೂಡಲೇ ಅವಳ ಬಲಗಾಲು ತಾನಾಗಿ ಎಗರಿತು. ಆಗ ಇವನು ನಗುತ್ತ, ನಿಜವಾದ ಕರುಣೆಯಿಂದಲೇ, ಆ ದಿಂಬನ್ನು ಅವಳ ಮೊಣಕಾಲಿನಡಿ ತುರುಕಿದ. ಅವಳ ಮುಖದ ಗಂಟುಗಳೆಲ್ಲ ಸಡಿಲಾದವು. ಚಿತ್ರ ಕನ್ನಡಿಯಂತೆ ಬಂತು.

ಆ ದಿಂಬು ಯಂತ್ರದ ಕಂಪನಿ ಕೊಟ್ಟದ್ದಲ್ಲ. ಕಂಪನಿಯದು ತೆಳ್ಳಗೆ, ಅಂಗೈಯಷ್ಟು ಎತ್ತರ. ನೋವಿನವರು ಅದರ ಮೇಲೆ ಕಾಲಿಟ್ಟೂ ಅಲ್ಲಾಡುತ್ತಿದ್ದರು, ಅಲ್ಲಾಡಿದರೆ ಚಿತ್ರ ಕೆಡುತ್ತಿತ್ತು, ಮತ್ತೆ ತೆಗೆಯಬೇಕು, ಹೊರಗೆ ಸಾಲು ಬೆಳೆಯುತ್ತಿತ್ತು. ಹಳೆಯ ರಜಾಯಿಯ ಹತ್ತಿ ಬಿಚ್ಚಿಸಿ ಒಕ್‌ನಿಮ್ ಕೈಯಲ್ಲಿ ಕಂಪನಿಯದರ ಎರಡರಷ್ಟು ದಪ್ಪದ ದಿಂಬು ಹೊಲಿಸಿದವನು ಅವನು. ಮುದುಕ ಮುದುಕಿಯರು ಅದರ ಮೇಲೆ ಕಾಲು ಹಾಕಿದ ಕೂಡಲೇ ಅಯ್ಯೋ ಸುಖವೇ ಎಂದು ನಿದ್ದೆ ಹೋಗುತ್ತಿದ್ದರು. ತಾಕ್ ಮೇಷ್ಟ್ರ ದಿಂಬು ಎಂದೇ ಅದಕ್ಕೆ ಹೆಸರಾಯಿತು, ತಾಕ್ ಮೇಷ್ಟ್ರ ಚಿತ್ರ ಅಲ್ಲಾಡುವುದಿಲ್ಲ ಎಂಬ ಮಾತೂ ಹುಟ್ಟಿತು. ಆ ವರ್ಷ ಆಸ್ಪತ್ರೆ ಅವನಿಗೆ ದಯಾಳು ಸಿಬ್ಬಂದಿ ಎಂಬ ಫಲಕ ಕೊಟ್ಟಿತು. ಫಲಕ ಇನ್ನೂ ಮನೆಯ ಟಿ.ವಿ. ಮೇಲಿದೆ, ಒಕ್‌ನಿಮ್ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾಳೆ.

ಬೊಂಗ್‌ಸುನ್ ಬಂದು ಹೋದ ಮೂರು ತಿಂಗಳಿಗೆ ಗ್ವಾಂಗ್ಜುವಿನಲ್ಲಿ ವರ್ಷಕ್ಕೊಮ್ಮೆಯ ತರಬೇತಿ. ಲೈಸೆನ್ಸು ಉಳಿಯಬೇಕಾದರೆ ಕೂತು ಕೇಳಲೇಬೇಕಾದ ಉಪನ್ಯಾಸಗಳು; ಅರ್ಧ ಜನ ತೂಕಡಿಸುತ್ತಿದ್ದರು. ವೇದಿಕೆಯ ಮೇಲಿದ್ದವನು ಒಬ್ಬನದೇ ಸೊಂಟದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದ. ಮೊಣಕಾಲು ಎತ್ತಿಟ್ಟಾಗ ಸೊಂಟದ ಬಾಗು ಚಪ್ಪಟೆಯಾಗಿ ನರಗಳ ನಾಳ ಅಗಲವಾಗುತ್ತದೆ, ಕಾಲು ಚಾಚಿದಾಗ, ಅಂದರೆ ಮನುಷ್ಯ ನಿಂತಿರುವುದಕ್ಕೆ ಹತ್ತಿರದ ಭಂಗಿಯಲ್ಲಿ, ಅದೇ ನಾಳ ಹಿಂಡಿಕೊಳ್ಳುತ್ತದೆ ಎಂದ. ಒಂದರಲ್ಲಿ ನರಗಳ ಸುತ್ತ ಇರುವ ನೀರಿನ ಬಿಳಿಯ ಪಟ್ಟಿ ಮೇಲಿನಿಂದ ಕೆಳಗೆ ಸರಾಗವಾಗಿ ಇಳಿದಿತ್ತು. ಇನ್ನೊಂದರಲ್ಲಿ ನಾಲ್ಕನೆಯ ಮತ್ತು ಐದನೆಯ ಮೂಳೆಯ ನಡುವೆ ಯಾರೋ ದಾರ ಕಟ್ಟಿದಂತೆ ತುಂಡಾಗಿತ್ತು. ಆಮೇಲೆ ಊಟದ ಪೊಟ್ಟಣ ಕೊಟ್ಟರು. ದೊಕ್‌ಸು ಸಿಹಿ ಮೊಟ್ಟೆಯ ಸುರುಳಿಯನ್ನು ಕೊನೆಗೆಂದು ಉಳಿಸಿಕೊಂಡು ಎಲ್ಲವನ್ನೂ ಕ್ರಮವಾಗಿ ತಿಂದ. ಅದೇ ಅವನನ್ನು ಈಗಲೂ ಚುಚ್ಚುವುದು. ಬಸ್ಸಿನಲ್ಲಿ ಬರುವಾಗ ಬೊಂಗ್‌ಸುನ್ ನೆನಪಾದಳು. ಡಾಕ್ಟರು ನೋಡಿ ಬರೆದ ಮೇಲೆ ನನ್ನದೇನು ಎಂದುಕೊಂಡ. ಮಾರನೆಯ ಬೆಳಗ್ಗೆ ಮೊದಲು ಬಂದ ಮುದುಕನ ಮೊಣಕಾಲಡಿಗೆ ದಿಂಬು ಇಟ್ಟ. ಮುಂದಿನ ನಾಲ್ಕು ವರ್ಷವೂ ಇಡುತ್ತಲೇ ಹೋದ.

"ಅಯ್ಯೋ, ಮೇಷ್ಟ್ರೇ, ನೀವಾ," ಎಂದು ಬಾಗಿಲು ತೆರೆದವಳು ಸೊಲ್‌ಹೆ. ಅವನ ಕೈಕೆಳಗೆ ಕೆಲಸ ಕಲಿತವಳು, ಈಗ ಈ ಯಂತ್ರದ ಯಜಮಾನಿ. ಹೇಳಬಾರದಿತ್ತೇ, ಮೊದಲೇ ಒಳಗೆ ಕರೆಯುತ್ತಿದ್ದೆನಲ್ಲ ಎಂದು ಪೇಚಾಡಿದಳು. ಅವನ ಅಂಗಿಯ ದಾರ ಸಡಿಲಾಗಿದ್ದನ್ನು ನೋಡಿ ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದಳು. ತಣ್ಣನೆಯ ಆ ಕೋಣೆಯ ವಾಸನೆ ಬದಲಾಗಿರಲಿಲ್ಲ. ಅವನು ಮಲಗಿದ. ಅವಳು ಕೈಯಲ್ಲಿ ಹಿಡಿದು ಬಂದದ್ದು ಅದೇ ದಿಂಬು. ಗವಸು ಹೊಸದು, ಒಳಗಿನ ಹತ್ತಿ ಅದೇ ಎಂದು ಹೆಮ್ಮೆಯಿಂದ ತೋರಿಸಿದಳು. ಇವತ್ತಿಗೂ ಇದೇ ಇಡುವುದು ಎಂದಳು. ಅವನ ಮೈ ಬಿಸಿಯಾಯಿತು. ತಾನು ಮನೆಗೆ ಹೋದ ಮೇಲೂ ಅದು ಇಲ್ಲೇ ಉಳಿದು ಮೂರು ವರ್ಷ ತನ್ನ ಕೆಲಸ ಮಾಡಿಕೊಂಡೇ ಬಂದಿದೆ.

"ಎರಡು ಸಲ ತೆಗಿ," ಎಂದ. "ಒಂದು ಇದನ್ನಿಟ್ಟು. ಇನ್ನೊಂದು ತೆಗೆದುಬಿಟ್ಟು, ಕಾಲು ಪೂರ್ತಿ ಚಾಚಿ."

ಸೊಲ್‌ಹೆ ನಕ್ಕಳು. ಅವನು ನಗಲಿಲ್ಲವೆಂದು ಕಂಡಾಗ ನಿಲ್ಲಿಸಿದಳು. ಹೊರಗೆ ಏಳು ಜನ ಕಾಯುತ್ತಿದ್ದಾರೆ, ಡಾಕ್ಟರ್ ಬರೆದದ್ದು ಒಂದೇ, ಕಾಲು ಚಾಚಿಸಿದರೆ ನೀವು ಅಲ್ಲಾಡುತ್ತೀರಿ, ಅಲ್ಲಾಡಿದ ಚಿತ್ರ ನನ್ನ ಹೆಸರಿನಲ್ಲಿ ಹೋಗುತ್ತದೆ ಎಂದು ಒಂದೊಂದೇ ಕಾರಣ ಹೇಳಿದಳು. ಎಲ್ಲವೂ ಅವನೇ ಕಲಿಸಿದ್ದು.

"ತೆಗೀದಿದ್ರೆ ಇಲ್ಲಿಂದ ಏಳಲ್ಲ. ನನ್ನ ಎತ್ತಿ ಹೊರಗೆ ಹಾಕೋಕೆ ಇಬ್ರು ಬೇಕು, ನಿನ್ನ ಹತ್ರ ಒಬ್ರೂ ಇಲ್ಲ. ಹತ್ತು ನಿಮಿಷ ಉಳೀಬೇಕು ಅಂದ್ರೆ ಈಗ್ಲೇ ಶುರು ಮಾಡು."

"ಇದೇನು ಮೇಷ್ಟ್ರೇ, ಮಕ್ಕಳ ಹಟ."

"ಹಟಾನೇ. ಮೂವತ್ತೊಂದು ವರ್ಷ ಇಲ್ಲಿ ಯಾರಿಗೂ ಹಟ ಮಾಡೋಕೆ ಬಿಟ್ಟಿಲ್ಲ ನಾನು. ಅದ್ಕೇ ಈಗ ಮಾಡ್ತಿದೀನಿ."

ಅವಳು ತುಟಿ ಕಚ್ಚಿಕೊಂಡು, ತಡೆಯಲಾಗದಿದ್ದರೆ ಹಿಸುಕಲು ಕೊಡುವ ರಬ್ಬರಿನ ಚೆಂಡನ್ನು ಅವನ ಅಂಗೈಯಲ್ಲಿಟ್ಟು, ದಿಂಬನ್ನು ಅವನ ಮೊಣಕಾಲಡಿಗೆ ತಳ್ಳಿದಳು. ಹಾಯ್ ಎನಿಸಿತು. ಅಷ್ಟು ಬೇಗ ಹಾಯ್ ಎನಿಸಿದ್ದಕ್ಕೆ ನಾಚಿಕೆಯಾಯಿತು. ಕೊಳವೆ ಅವನನ್ನು ಒಳಕ್ಕೆ ತೆಗೆದುಕೊಂಡಿತು. ಮೂಗಿನ ಮೇಲೆ ಒಂದು ಗೇಣು ಬಿಟ್ಟು ಬಿಳಿಯ ಛಾವಣಿ. ಕುಟ್ಟುವ ಸದ್ದು ಶುರುವಾಯಿತು. ಹೊರಗೆ ಗಾಜಿನ ಹಿಂದೆ ಕೂತು ಕೇಳುವಾಗ ಇದು ತನ್ನದೇ ಮಗ್ಗದ ಸದ್ದಿನಂತಿತ್ತು. ಒಳಗಿನಿಂದ ಕೇಳಿದರೆ ಯಾರೋ ತಗಡಿನ ಬಾಗಿಲನ್ನು ಒದೆಯುತ್ತಿದ್ದರು. ಕಾಲುಗಳು ಎಲ್ಲಿವೆಯೆಂದೇ ಗೊತ್ತಾಗದಷ್ಟು ಸುಖವಾಗಿದ್ದವು. ಈ ಸುಖದಲ್ಲಿ ಮಲಗಿ ಬೊಂಗ್‌ಸುನ್ ಏನು ಯೋಚಿಸಿರಬಹುದು? ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡಿರಬೇಕು. ಹೋಗುವಾಗ ಚೀಲದಿಂದ ಎರಡು ಬೇಯಿಸಿದ ಗೆಣಸು ತೆಗೆದು ಕೊಟ್ಟು ಹೋಗಿದ್ದಳು. ಅವನು ಅದನ್ನೂ ತಿಂದಿದ್ದ.

ಎರಡನೆಯ ಸಲ ಸೊಲ್‌ಹೆ ದಿಂಬನ್ನು ಎಳೆದುಕೊಂಡು ಕಾಲುಗಳನ್ನು ಚಾಚಿಸಿದಳು. ಮೊದಲ ಎರಡು ನಿಮಿಷ ಏನೂ ಆಗಲಿಲ್ಲ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಸೊಂಟದ ಕೆಳಗೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು, ಆ ಬೆರಳು ನಿಧಾನವಾಗಿ ತೊಡೆಯ ಹಿಂದಕ್ಕೆ, ಮೀನಖಂಡಕ್ಕೆ, ಹೆಬ್ಬೆಟ್ಟಿಗೆ ಇಳಿಯಿತು. ಒಂದು ಮೊಣಕಾಲನ್ನು ನಾಲ್ಕು ಬೆರಳು ಎತ್ತಿದರೆ ಸಾಕು, ಎಲ್ಲ ನಿಲ್ಲುತ್ತದೆ. ಎತ್ತಲಿಲ್ಲ. ಹಲ್ಲು ಕಚ್ಚಿ ಕುಟ್ಟುವ ಸದ್ದನ್ನು ಎಣಿಸಿದ, ಲೆಕ್ಕ ತಪ್ಪಿತು, ಮತ್ತೆ ಎಣಿಸಿದ. ತಾನು ಅಲ್ಲಾಡಬೇಡಿ ಅಮ್ಮಾ, ಅಲ್ಲಾಡಬೇಡಿ ಅಪ್ಪಾ ಎಂದು ಗಾಜಿನ ಹಿಂದಿನಿಂದ ಮೈಕಿನಲ್ಲಿ ಹೇಳುತ್ತಿದ್ದುದು ಕಿವಿಯಲ್ಲಿ ಕೇಳಿಸಿತು. ಎಷ್ಟು ಬೆಣ್ಣೆ ಹಚ್ಚಿದ ದನಿ. ಬೆವರು ಕಿವಿಯೊಳಗೆ ಇಳಿಯಿತು. ಚೆಂಡು ಅಂಗೈಯಲ್ಲಿತ್ತು. ಹಿಸುಕಿದರೆ ಸೊಲ್‌ಹೆ ಓಡಿ ಬರುತ್ತಾಳೆ, ದಿಂಬು ಬರುತ್ತದೆ, ಸುಖ ಬರುತ್ತದೆ, ಗುರುವಾರ ಕಳೆದುಹೋಗುತ್ತದೆ. ಅವನಿಗೆ ಎಲ್ಲಿಲ್ಲದ ಕೋಪ ಬಂತು, ಯಂತ್ರದ ಮೇಲಲ್ಲ, ಆ ಸುಖದ ಮೇಲೆ. ಹಿಸುಕುವುದಿಲ್ಲ, ಏನಾದರೂ ಆಗಲಿ ಎಂದು ಬೆರಳುಗಳನ್ನು ಬಿಡಿಸಿ ಚೆಂಡನ್ನು ಹಾಸಿಗೆಯ ಅಂಚಿಗೆ ಉರುಳಿಸಿಬಿಟ್ಟ. ಆಗಲೇ ಬಲಗಾಲು ತಾನಾಗಿ ಎಗರಿತು. ಒಂದು ಸಲ, ಮತ್ತೆ ಇನ್ನೊಂದು ಸಲ. ಮೈಕಿನಲ್ಲಿ ಸೊಲ್‌ಹೆ, "ಅಲ್ಲಾಡಬೇಡಿ ಅಪ್ಪಾ," ಎಂದು, ಕೂಡಲೇ ನಾಲಿಗೆ ಕಚ್ಚಿಕೊಂಡು, "ಮೇಷ್ಟ್ರೇ," ಎಂದು ಸೇರಿಸಿದಳು.

ಹೊರಗೆ ಪರದೆಯ ಮೇಲೆ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಹಾಕಿದಳು. ಮೊದಲನೆಯದು ಚೊಕ್ಕವಾಗಿತ್ತು, ಬಿಳಿಯ ಪಟ್ಟಿ ಅಲ್ಲಲ್ಲಿ ಸ್ವಲ್ಪ ಸೊರಗಿ ಕೆಳಗಿಳಿದಿತ್ತು. ಎರಡನೆಯದು ಕಲಸಿಹೋಗಿತ್ತು. ಮೂಳೆಗಳ ಅಂಚು ಎರಡೆರಡಾಗಿ ಕಂಡವು. ಇಂಥದೊಂದು ಚಿತ್ರವನ್ನು ತಾನು ಯಾರ ಕಣ್ಣಿಗೂ ಬೀಳದಂತೆ ಅಳಿಸಿಹಾಕುತ್ತಿದ್ದೆ ಎಂದು ದೊಕ್‌ಸುವಿಗೆ ಹೊಳೆಯಿತು. ಆದರೆ ಆ ಕಲಸಿದ ಚಿತ್ರದಲ್ಲೇ, ನಾಲ್ಕನೆಯ ಮೂಳೆಯ ಕೆಳಗೆ, ಬಿಳಿಯ ಪಟ್ಟಿ ಇರಲೇ ಇಲ್ಲ. ಗ್ವಾಂಗ್ಜುವಿನಲ್ಲಿ ನೋಡಿದ್ದೇ ಈಗ ತನ್ನ ಹೊಟ್ಟೆಯ ಹಿಂದೆ ಇತ್ತು. ಸೊಲ್‌ಹೆ ಪರದೆಗೆ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ದಿಂಬಿನ ಕಡೆ ನೋಡಿದಳು. ಇದು ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಏಳು ವರ್ಷವಾಯಿತು ಎಂದ. ನೀನು ಆಗ ನನ್ನ ಪಕ್ಕದಲ್ಲೇ ನಿಂತು ಕಲಿಯುತ್ತಿದ್ದೆ ಎಂದೂ ಹೇಳಿದ, ಅದನ್ನು ಹೇಳದೆ ಬಿಟ್ಟರೆ ಮತ್ತೆ ಮುಚ್ಚಿಟ್ಟಂತೆಯೇ ಆಗುತ್ತದೆ ಎನಿಸಿ.

ಬಟ್ಟೆ ಬದಲಿಸಿಕೊಂಡು ಮೇಲಿನ ಮಹಡಿಗೆ ಹೋದಾಗ ಡಾಕ್ಟರ್ ಪ್ಯೋ ಮೊದಲನೆಯ ಚಿತ್ರವನ್ನು ಎರಡು ಕ್ಷಣ ನೋಡಿ, ಅಷ್ಟೇನಿಲ್ಲ ಅಪ್ಪಾ, ವಯಸ್ಸಿಗೆ ತಕ್ಕಷ್ಟು ಕಿರಿದಾಗಿದೆ, ಇಂಜೆಕ್ಷನ್ ಹಾಕಿ ನೋಡೋಣ ಎಂದ. ಮೂವತ್ತೈದರ ಆಸುಪಾಸಿನ ಹುಡುಗ, ಕೆಟ್ಟವನಲ್ಲ. ಎರಡನೆಯ ಚಿತ್ರ ತೆರೆದು ಹುಬ್ಬು ಗಂಟಿಕ್ಕಿದ. ಇದನ್ನು ತೆಗೆಯಲು ಯಾರು ಹೇಳಿದ್ದು, ಇದು ಅಲ್ಲಾಡಿದೆ, ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಪರದೆಯ ಮೇಲಿನ ಆ ಚಿತ್ರವನ್ನು ಮುಚ್ಚಲು ಹೋದ. ದೊಕ್‌ಸು ಕುರ್ಚಿಯಿಂದ ಎದ್ದು ನಿಂತ.

"ಮುಚ್ಚಬೇಡಿ. ನಾಲ್ಕನೇದ್ರ ಕೆಳಗೆ ನೋಡಿ. ಏನು ಕಾಣುತ್ತೋ ಅದನ್ನ ಬರೀರಿ."

"ಅಪ್ಪಾ, ಕೂತ್ಕೊಳ್ಳಿ. ಬೇಕಾದ್ರೆ ದಿಂಬಿಟ್ಟು ಇನ್ನೊಂದು ತೆಗೆಸೋಣ, ನೋವಿಲ್ದೆ, ಅಲ್ಲಾಡದ ಹಾಗೆ."

"ನೋವಿಲ್ದೆ ತೆಗೆದದ್ದು ಒಂದು ಇದೆಯಲ್ಲ ಡಾಕ್ಟ್ರೇ. ಹಂಗೆ ತೆಗೆದು ತೆಗೆದು ಈ ಊರಿನ ಅರ್ಧ ಜನಾನ ಸುಳ್ಳರು ಮಾಡಿದವನು ನಾನು. ಇದು ಅಲ್ಲಾಡಿದೆ, ಒಪ್ತೀನಿ. ಅಲ್ಲಾಡಿದೆ ಅಂತ್ಲೂ ಬರೀರಿ. ಕಿರಿದಾಗಿದೆ ಅಂತ್ಲೂ ಬರೀರಿ. ಎರಡೂ ಬರೆಯೋವರೆಗೂ ನಾನು ಕೂರಲ್ಲ."

ಕೂರಲಿಲ್ಲ. ಡಾಕ್ಟರ್ ಪ್ಯೋ ಅವನ ಮುಖವನ್ನೂ ಪರದೆಯನ್ನೂ ನೋಡಿದ, ನರ್ಸನ್ನು ಕರೆಯಲೋ ಬೇಡವೋ ಎಂದು ಯೋಚಿಸಿದ, ಕೊನೆಗೆ ಚಿತ್ರವನ್ನು ದೊಡ್ಡದು ಮಾಡಿ ನೋಡತೊಡಗಿದ. ಅಷ್ಟರಲ್ಲಿ ದೊಕ್‌ಸುವಿನ ಎರಡೂ ಕಾಲಿಗೆ ಸೀಸ ತುಂಬಿ, ಪಾದಗಳು ನೆಲದ ಮೇಲೆ ಇವೆಯೋ ಇಲ್ಲವೋ ತಿಳಿಯದಂತಾಗಿತ್ತು. ಮೇಜಿನ ಅಂಚು ಒಂದು ಮೊಳ ದೂರದಲ್ಲಿತ್ತು, ಬಗ್ಗಿ ಹಿಡಿದುಕೊಂಡರೆ ಸಾಕಿತ್ತು. ಗೋಡೆಯ ಗಡಿಯಾರದ ನಿಮಿಷದ ಮುಳ್ಳು ಐದು ಗೆರೆ ದಾಟುವವರೆಗೆ ಅವನು ನೆಟ್ಟಗೆ ನಿಂತಿದ್ದ, ಬಹಳ ವರ್ಷಗಳ ಮೇಲೆ ತನ್ನ ಬಗ್ಗೆ ತನಗೇ ಇಷ್ಟವಾಗುವ ಹಾಗೆ ನಿಂತಿದ್ದ. ಡಾಕ್ಟರ್ ಬರೆದ. ಕಾಲು ಚಾಚಿದ ಭಂಗಿಯಲ್ಲಿ ನಾಳ ಬಹಳ ಕಿರಿದಾಗಿ ಕಾಣುತ್ತದೆ, ಚಿತ್ರ ಅಲ್ಲಾಡಿದೆ. ಬರೆದಾದ ಮೇಲೆ ತಲೆಯೆತ್ತದೆ, ನೀವು ಮೊದಲು ಇಲ್ಲಿ ಕೆಲಸದಲ್ಲಿದ್ದಿರಾ ಎಂದು ಕೇಳಿದ. ಇದ್ದೆ ಎಂದು ಹೇಳಿ ದೊಕ್‌ಸು ಕೂತುಕೊಂಡ.

ಚಿತ್ರಗಳನ್ನು ಸಿ.ಡಿ.ಗೆ ಹಾಕಿಕೊಡುವ ಕೌಂಟರು ಕೆಳಗಡೆಯೇ ಇತ್ತು. ಅರ್ಜಿಯ ಹಾಳೆ ಎರಡು ತೆಗೆದುಕೊಂಡು, ಒಂದನ್ನು ತುಂಬಿ ಕೊಟ್ಟು, ಇನ್ನೊಂದರ ಖಾಲಿ ಬೆನ್ನಿನ ಮೇಲೆ ಮೇಜಿಗೆ ಬಗ್ಗಿಕೊಂಡು ಬರೆದ. ಗುಕ್ ಬೊಂಗ್‌ಸುನ್ ಅವರ ಸೊಂಟದ ಚಿತ್ರ ತೆಗೆದವನು ನಾನು. ಆ ದಿನ ಅವರ ಮೊಣಕಾಲಡಿ ನಾನೇ ಹೊಲಿಸಿದ ದಪ್ಪ ದಿಂಬು ಇಟ್ಟಿದ್ದೆ. ನೋವು ಬರುವ ಹಾಗೆ ಕಾಲು ಚಾಚಿಸಿ ತೆಗೆಯಿರಿ ಎಂದು ಅವರು ಕೇಳಿದ್ದರು, ನಾನು ತೆಗೆಯಲಿಲ್ಲ. ದಿಂಬಿಟ್ಟರೆ ನಾಳ ಅಗಲವಾಗಿ ಕಾಣುತ್ತದೆಂದು ಮೂರು ತಿಂಗಳ ಮೇಲೆ ತಿಳಿಯಿತು. ತಿಳಿದೂ ಯಾರಿಗೂ ಹೇಳಲಿಲ್ಲ. ಕೊನೆಯ ಸಾಲು ಬರೆದು ಅದನ್ನು ಹೊಡೆದುಹಾಕಬೇಕೆನಿಸಿತು. ಹೊಡೆಯಲಿಲ್ಲ. ಕೌಂಟರಿನ ಮೇಲಿದ್ದ ಕೆಂಪು ಮಸಿಯ ಡಬ್ಬಿಗೆ ಮೊಹರನ್ನು ಒತ್ತಿ ಹೆಸರಿನ ಮುಂದೆ ಇಟ್ಟಾಗ, ಬೆಳಗ್ಗೆ ಖಾನೆ ತೆರೆದ ಕೈಗೆ ಎಲ್ಲ ಮೊದಲೇ ಗೊತ್ತಿತ್ತೆಂದು ಅರ್ಥವಾಯಿತು.

ಮತ್ತೆ ನೆಲಮಾಳಿಗೆಗೆ ಇಳಿದು ಬಾಗಿಲು ತಟ್ಟಿ ದಿಂಬು ಕೊಡು ಎಂದ. ಅದು ಆಸ್ಪತ್ರೆಯದು ಎಂದಳು ಸೊಲ್‌ಹೆ. ನನ್ನ ಹೆಂಡತಿ ಹೊಲಿದದ್ದು, ಹತ್ತಿ ನನ್ನ ಅತ್ತೆಯ ರಜಾಯಿಯದು ಎಂದ. ಒಳಗೆ ಆಗಲೇ ಒಬ್ಬ ಮುದುಕಿಯನ್ನು ಮಲಗಿಸಿದ್ದರು. ಅವಳ ಮೊಣಕಾಲಡಿ ಕಂಪನಿಯ ಆ ತೆಳ್ಳನೆಯದೂ ಇರಲಿಲ್ಲ. ಸೊಲ್‌ಹೆ ದಿಂಬನ್ನು ತಂದು ಕೊಟ್ಟು, ಅವನ ಮುಖ ನೋಡದೆ, "ಅಜ್ಜಿ ಕಾಲು ಚಾಚಿದ ಕೂಡ್ಲೆ ನನ್ನ ಬೈದ್ರು," ಎಂದಳು. ಬೈಯಲಿ ಎಂದ ದೊಕ್‌ಸು. ಬಗಲಲ್ಲಿ ದಿಂಬು ಅವುಚಿಕೊಂಡು, ಟೋಪಿಯನ್ನು ಜೇಬಿಗೆ ತುರುಕಿಕೊಂಡು, ಮುಂಬಾಗಿಲಿನಿಂದಲೇ ಹೊರಗೆ ಬಂದ. ಒಣಮೀನಿನ ಅಂಗಡಿಯ ಮುಂದೆ ಕಾಲು ನಿಂತಾಗ ನಟನೆ ಮಾಡಲಿಲ್ಲ. ಕಾಲು ನೋಯ್ತಿದೆ, ಸ್ವಲ್ಪ ಬಗ್ಗಿ ನಿಂತ್ಕೋತೀನಿ ಎಂದು ಅಂಗಡಿಯವಳಿಗೆ ಹೇಳಿದ. ಅವಳು ಒಂದು ಪ್ಲಾಸ್ಟಿಕ್ ಸ್ಟೂಲು ಈಚೆ ದೂಡಿದಳು.

ಏರುದಾರಿಯ ಬುಡದಲ್ಲಿ ಬೊಂಗ್‌ಸುನ್ ತಳ್ಳುಗಾಡಿಯ ಮೇಲೆ ಮೊಣಕೈ ಊರಿಕೊಂಡು ಯಾರ ಜೊತೆಗೋ ಮೂಲಂಗಿಯ ವಿಷಯ ವಾದ ಮಾಡುತ್ತಿದ್ದಳು. ಅವನನ್ನು ಕಂಡು ವಾದ ನಿಲ್ಲಿಸಿದಳು. ಅವನು ಸಿ.ಡಿ.ಯ ಜೊತೆಗೆ ಕಾಗದ ಕೊಟ್ಟ. ಅವಳು ಅದನ್ನು ಕೈ ಚಾಚಿ ದೂರ ಹಿಡಿದು, ತುಟಿಯಾಡಿಸುತ್ತ ಓದಿದಳು. ಕೊನೆಯ ಸಾಲಿನ ಹತ್ತಿರ ತುಟಿ ನಿಂತಿತು. ಮತ್ತೆ ಮೊದಲಿನಿಂದ ಓದಿದಳು. ಸಿ.ಡಿ.ಯಲ್ಲಿ ಏನಿದೆ ಎಂದು ಅವನು ಹೇಳಿದ. ಒಂದೇ ಸೊಂಟ, ಒಂದೇ ದಿನ, ದಿಂಬಿಟ್ಟು ಒಂದು, ದಿಂಬಿಲ್ಲದೆ ಒಂದು, ಎರಡನೆಯದು ಅಲ್ಲಾಡಿದೆ.

"ನಿಮ್ಮ ಫೋಟೋ ಅಲ್ಲಾಡ್ತಾ," ಎಂದು ಅವಳು ಅವನನ್ನು ಹೊಸದಾಗಿ ನೋಡಿದಳು.

"ಅಲ್ಲಾಡ್ತು ಅಕ್ಕ."

ಅಮ್ಮಾ ಎನ್ನದಿದ್ದದ್ದನ್ನು ಅವಳು ಗಮನಿಸಿದಳೋ ಇಲ್ಲವೋ. ದಿಂಬನ್ನು ಅವನ ಬಗಲಿನಿಂದ ಎಳೆದುಕೊಂಡು ಎತ್ತರಕ್ಕೆ ಗೇಣು ಹಾಕಿ ನೋಡಿದಳು. ಹತ್ತಿ ಒತ್ತಿ ನೋಡಿದಳು, ಹೊಲಿಗೆ ನೋಡಿದಳು, ಒಳ್ಳೆ ಹೊಲಿಗೆ ಎಂದಳು. ಅದನ್ನು ತಳ್ಳುಗಾಡಿಯಲ್ಲಿ, ಮಗು ಮಲಗುವ ಕಡೆ, ಕೂರಿಸಿ ಪಟ್ಟಿ ಬಿಗಿದಳು.

"ಗುರುವಾರ ಈ ಕಾಗದ ಕಳಿಸಿ ಮನೇಲಿ ಕೂರ್ತೀರೋ, ಬಂದು ಹೇಳ್ತೀರೋ?"

"ಬರ್ತೀನಿ."

"ಅವ್ರು ಕುರ್ಚಿ ಹಾಕ್ತಾರೆ, ಬಹಳ ಮೆತ್ತಗಿರುತ್ತೆ. ಎರಡು ಸಲನೂ ನಾನು ಅದ್ರಲ್ಲಿ ಕೂತು ಸುಖವಾಗಿ ಮಾತಾಡ್ದೆ. ಚೆನ್ನಾಗೇ ಇದೀರಲ್ಲ ಅಂದ್ಬಿಟ್ರು. ಈ ಸಲ ನಾನು ಕೂರಲ್ಲ." ಅವಳು ಅವನ ಕಾಲುಗಳ ಕಡೆ ನೋಡಿದಳು. "ನೀವು ಎಷ್ಟು ಹೊತ್ತು ನಿಲ್ತೀರಿ?"

"ಐದು ನಿಮಿಷ. ಇವತ್ತು ನೋಡ್ಕೊಂಡೆ."

"ನಾನು ಮೂರು," ಎಂದಳು ಬೊಂಗ್‌ಸುನ್. "ಸಾಕು ಬಿಡಿ. ನಾನು ಬಿದ್ದ ಮೇಲೂ ನೀವು ಎರಡು ನಿಮಿಷ ಮಾತಾಡಬಹುದು."

ಅವಳು ತಳ್ಳುಗಾಡಿಯ ಹಿಡಿಯಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟಳು. ಇಬ್ಬರೂ ಅದರ ಮೇಲೆ ಬಗ್ಗಿ, ದಿಂಬನ್ನು ತಳ್ಳಿಕೊಂಡು ಏರು ಹತ್ತತೊಡಗಿದರು.